ಕೆಂಪುಹೊಳೆಯ ಕಣಿವೆ: ಕಣ್ಣಿಗೆ ಹಬ್ಬ, ಗಲ್ಲಾಪೆಟ್ಟಿಗೆಗೆ ಉಪವಾಸ

ಚೀನಾ ದೇಶದ 20 ಯುವಾನ್ ನೋಟಿನ ಹಿಂಬದಿಯಲ್ಲಿ ಒಂದು ನದಿ, ಅದರ ಮೇಲೊಂದು ತೆಪ್ಪ ಹಾಗೂ ಹಿನ್ನೆಲೆಯಲ್ಲಿ ಮೊನಚಾದ ಗುಡ್ಡಗಳ ಸಾಲು ಮುದ್ರಿತವಾಗಿವೆ. ಅದು ದಕ್ಷಿಣ ಚೀನಾದ ಗುವಾಂಗ್ಶಿ ಪ್ರಾಂತ್ಯದ ಲಿ ನದಿಯ ಕಣಿವೆ. ಗುಯಿಲಿನ್ ನಗರದಿಂದ ಯಾಂಗ್ಶುವೊ ಎಂಬ ಸಣ್ಣ ಪಟ್ಟಣದವರೆಗಿನ ಸುಮಾರು 83 ಕಿ.ಮೀ. ಹರಿವನ್ನು ದೋಣಿಯಲ್ಲಿ ಕುಳಿತು ನೋಡಲು ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಗುವಾಂಗ್ಝೌ ನಗರದಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಪ್ರಸಿದ್ಧ ವಾಣಿಜ್ಯ ಮೇಳಕ್ಕೆ ತೆರಳುವ ಭಾರತೀಯ ವರ್ತಕರೂ, 2014ರ ಕೊನೆಯಲ್ಲಿ ಅತಿವೇಗದ ರೈಲು ಆರಂಭವಾದ ಬಳಿಕ, ಒಂದೆರಡು ದಿನ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿಬರುವುದು ಸುಲಭವಾಗಿದೆ. ಹಾಗೆ ಹೋದವರು ನದಿಯ ಚೆಲುವನ್ನು ವರ್ಣಿಸುವುದುಂಟು. ಆದರೆ ವ್ಯಾಪಾರಿಯ ಕಣ್ಣಿಗೆ ಬೀಳಬೇಕಾದ ಸಂಗತಿ ಬೇರೆಯೇ ಇದೆ. ದೋಣಿಯಿಂದ ಇಳಿದ ಪ್ರವಾಸಿ ಅದೇ ದಿನ ಹಿಂದಿರುಗುವುದಿಲ್ಲ. ಯಾಂಗ್ಶುವೊದಲ್ಲಿ ರಾತ್ರಿ ತಂಗುತ್ತಾನೆ.

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ವಾಣಿಜ್ಯ ವಲಯವು ಆಲೋಚಿಸಬೇಕಾದ ವಿಷಯವೂ ಇದೇ ಆಗಿದೆ. ಈ ಮೂರು ತಾಲೂಕುಗಳ ಬೆನ್ನಿಗೇ ಒಂದು ಕಣಿವೆಯಿದೆ. ಸಕಲೇಶಪುರದ ಆಚೆಯ ಬೆಟ್ಟಗಳಲ್ಲಿ ಹುಟ್ಟುವ ಎತ್ತಿನಹೊಳೆ ಮತ್ತಿತರ ತೊರೆಗಳನ್ನು ಕೂಡಿಸಿಕೊಂಡು ಕೆಂಪುಹೊಳೆಯು ಶಿರಾಡಿ ಘಾಟಿಯನ್ನು ಸೀಳಿಕೊಂಡು ಇಳಿಯುತ್ತದೆ. ಮುಂದೆ ಗುಂಡ್ಯ ಹೊಳೆಯಾಗಿ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಸಂಗಮಿಸುತ್ತದೆ. ಕುಮಾರಧಾರೆಯಾದರೋ 1712 ಮೀಟರ್ ಎತ್ತರದ ಕುಮಾರ ಪರ್ವತದಿಂದ ಸುಬ್ರಹ್ಮಣ್ಯಕ್ಕೆ ಧುಮುಕಿ ಬರುವ ನದಿ. ಈ ಬೆಟ್ಟವನ್ನೊಳಗೊಂಡ ಪುಷ್ಪಗಿರಿ ವನ್ಯಧಾಮವು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ಲಿ ನದಿಯಲ್ಲಿ ದೋಣಿ ಸಾಗುತ್ತದೆ, ಕೆಂಪುಹೊಳೆಯಲ್ಲಿ ಸಾಗುವುದಿಲ್ಲ. ಅಲ್ಲಿ ಸುಣ್ಣಕಲ್ಲಿನ ಗುಡ್ಡ, ಇಲ್ಲಿ ಕರಿಬಂಡೆ ಮತ್ತು ನಿತ್ಯಹರಿದ್ವರ್ಣದ ಕಾಡು. ಇಲ್ಲಿನ ಕಣಿವೆಯನ್ನು ನೋಡುವ ದೋಣಿಯೆಂದರೆ ರೈಲು.

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ಸುಮಾರು 55 ಕಿ.ಮೀ. ರೈಲುಮಾರ್ಗದಲ್ಲಿ 57 ಸುರಂಗಗಳೂ ನೂರಕ್ಕೂ ಮಿಕ್ಕಿದ ಸೇತುವೆಗಳೂ ಇವೆ. ಪ್ರತಿ 50 ಮೀಟರಿಗೆ ಒಂದು ಮೀಟರಿನಂತೆ ಏರುವ ಕಡಿದಾದ ದಾರಿಯಿದು. 1970ರ ದಶಕದ ಕೊನೆಯಲ್ಲಿ ಮೀಟರ್ ಗೇಜ್ ಮಾರ್ಗವಾಗಿ ಸಿದ್ಧವಾದ ಇದನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸುವ ಸಲುವಾಗಿ 1996ರಲ್ಲಿ ಮುಚ್ಚಲಾಯಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಈ ಭಾಗದ ವರ್ತಕರು ಬೆಂಗಳೂರಿಗೆ ರೈಲಿಲ್ಲದೆ ಕಳೆದದ್ದು ಹಿರಿಯ ವ್ಯಾಪಾರಿಗಳಿಗೆ ಇನ್ನೂ ನೆನಪಿರಬಹುದು. 2021ರ ಜುಲೈ ತಿಂಗಳಿನಲ್ಲಿ ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಲಾಯಿತು. ಪ್ರತಿ ಬೋಗಿಯಲ್ಲಿ 44 ಆಸನಗಳು. ಮಳೆಗಾಲದಲ್ಲಿ ಹಸಿರಿನ ನಡುವೆ ಬಿಳಿಯ ಜಲಪಾತಗಳನ್ನು ನೋಡಲೆಂದೇ ಈ ಆಸನಗಳಿಗೆ ಸಾಮಾನ್ಯ ದರಕ್ಕಿಂತ ಹಲವು ಪಟ್ಟು ಹೆಚ್ಚು ತೆತ್ತು ಕೂರುವ ಜನರಿದ್ದಾರೆ.

ಈ ಜನ ಪುತ್ತೂರು, ಸುಳ್ಯ, ಕಡಬದ ಅಂಗಡಿಗಳಲ್ಲಿ ಎಷ್ಟು ರೂಪಾಯಿ ಖರ್ಚು ಮಾಡುತ್ತಾರೆ? ರೈಲು ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಕೆಲವು ನಿಮಿಷ ನಿಲ್ಲುತ್ತದೆ. ಒಂದು ಚಹಾ, ಒಂದು ನೀರಿನ ಬಾಟಲಿ. ನಂತರ ಕಬಕ ಪುತ್ತೂರು ದಾಟಿ ಮಂಗಳೂರು. ಕಣಿವೆಯ ಸೌಂದರ್ಯ ಇಲ್ಲಿಯದು, ಟಿಕೆಟಿನ ಹಣ ರೈಲ್ವೆಯದು, ಹೋಟೆಲಿನ ಬಿಲ್ಲು ಮಂಗಳೂರಿನದು.

ಹೆದ್ದಾರಿಯ ಕತೆಯೂ ಭಿನ್ನವಲ್ಲ. ಹಿಂದೆ 48 ಎಂದು ಕರೆಯಲಾಗುತ್ತಿದ್ದ ಈಗಿನ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೊಳೆಯ ಮಗ್ಗುಲಲ್ಲೇ ಇಳಿದುಬರುವ ಬಹುಪಾಲು ವಾಹನಗಳು ರಾತ್ರಿಯವು. ಸುಬ್ರಹ್ಮಣ್ಯಕ್ಕೆ ಬರುವ ಭಕ್ತರಲ್ಲಿ ಅನೇಕರು ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ತಲುಪಿ, ಸ್ನಾನ, ದರ್ಶನ, ಸೇವೆ, ಅನ್ನಪ್ರಸಾದ ಮುಗಿಸಿ ಮಧ್ಯಾಹ್ನದೊಳಗೆ ಧರ್ಮಸ್ಥಳದ ದಾರಿ ಹಿಡಿಯುತ್ತಾರೆ. ಮುಜರಾಯಿ ಇಲಾಖೆಯ ದೇವಾಲಯಗಳ ಪೈಕಿ ಆದಾಯದಲ್ಲಿ ಅಗ್ರಸ್ಥಾನದಲ್ಲಿರುವ ಕುಕ್ಕೆ ಕ್ಷೇತ್ರದ ವಾರ್ಷಿಕ ಆದಾಯವು ನೂರು ಕೋಟಿ ರೂಪಾಯಿಗಳನ್ನು ದಾಟಿ ಕೆಲವು ವರ್ಷಗಳೇ ಆದವು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಜನಸಂದಣಿ ಮತ್ತಷ್ಟು ಏರಿತು. ಆದರೂ ಹನ್ನೆರಡು ಗಂಟೆಗಳಲ್ಲಿ ಬಂದು ಹೋಗುವ ಭಕ್ತನಿಂದ ಸುಳ್ಯದ ಬಟ್ಟೆ ವ್ಯಾಪಾರಿಗಾಗಲಿ, ಕಡಬದ ಬೇಕರಿಯವರಿಗಾಗಲಿ, ಪುತ್ತೂರಿನ ಸಣ್ಣ ಕೈಗಾರಿಕೆಯವರಿಗಾಗಲಿ ದಕ್ಕುವ ಪಾಲು ಅತ್ಯಲ್ಪ. ರಥಬೀದಿಯ ಅಂಗಡಿಗಳಲ್ಲಿ ತೂಗುವ ಆಟಿಕೆ, ಸರ, ಪ್ಲಾಸ್ಟಿಕ್ ಸಾಮಗ್ರಿಗಳಲ್ಲಿ ಈ ಸೀಮೆಯಲ್ಲಿ ತಯಾರಾದವು ಎಷ್ಟೆಂದು ಎಣಿಸಿ ನೋಡಿದರೆ ವಿಷಯ ತಿಳಿಯುತ್ತದೆ.

ಯಾಂಗ್ಶುವೊ ಪಟ್ಟಣವೂ ಒಂದು ಕಾಲಕ್ಕೆ ದೋಣಿ ಇಳಿದವರು ಬಸ್ಸು ಹತ್ತುವ ತಾಣವಾಗಿತ್ತು. ಗುಯಿಲಿನ್ ನಗರವನ್ನು ವಿದೇಶಿ ಪ್ರವಾಸಿಗಳಿಗೆ ತೆರೆದದ್ದು 1973ರಲ್ಲಿ. ಆ ದಶಕದ ಕೊನೆಗೆ ನದಿದಂಡೆಯ ಮಾಲಿನ್ಯಕಾರಕ ಕಾರ್ಖಾನೆಗಳನ್ನು ಸರಕಾರವೇ ಮುಚ್ಚಿಸಿತು. 2004ರಲ್ಲಿ ಚಲನಚಿತ್ರ ನಿರ್ದೇಶಕ ಝಾಂಗ್ ಯಿಮೌ ಅವರ ನೇತೃತ್ವದಲ್ಲಿ ನದಿಯನ್ನೇ ರಂಗಸ್ಥಳವನ್ನಾಗಿಸಿ, ಗುಡ್ಡಗಳನ್ನೇ ಪರದೆಯನ್ನಾಗಿಸಿ ಒಂದು ರಾತ್ರಿ ಪ್ರದರ್ಶನ ಆರಂಭವಾಯಿತು. ಅದರಲ್ಲಿ ಪಾತ್ರವಹಿಸುವ ಸುಮಾರು ಆರುನೂರು ಮಂದಿಯಲ್ಲಿ ಬಹಳಷ್ಟು ಜನ ಹಗಲಲ್ಲಿ ಮೀನು ಹಿಡಿಯುವ, ಗದ್ದೆ ಉಳುವ ಸುತ್ತಲಿನ ಹಳ್ಳಿಗರು. ಪ್ರದರ್ಶನ ಕತ್ತಲಾದ ಮೇಲೆಯೇ ನಡೆಯುವುದರಿಂದ ನೋಡುಗನು ರಾತ್ರಿ ಉಳಿಯಲೇಬೇಕು. ಉಳಿದವನಿಗೆ ಊಟ ಬೇಕು, ಮರುದಿನ ಬೆಳಿಗ್ಗೆ ತಿರುಗಾಡಲು ಸೈಕಲ್ ಬೇಕು, ಮನೆಗೆ ಒಯ್ಯಲು ಏನಾದರೊಂದು ಬೇಕು. ಅಲ್ಲಿನ ವಾಣಿಜ್ಯ ಬೆಳೆದದ್ದು ಆ ಒಂದು ರಾತ್ರಿಯ ಮೇಲೆ. ರಾತ್ರಿಯಿಡೀ ಬಯಲಿನಲ್ಲಿ ಯಕ್ಷಗಾನ ಆಡುವ, ನೋಡುವ ಪರಂಪರೆಯುಳ್ಳ ಈ ಸೀಮೆಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಚೀನಾದಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತೆಂದಲ್ಲ. ಬಿದಿರಿನ ತೆಪ್ಪಗಳ ಜಾಗದಲ್ಲಿ ಪ್ಲಾಸ್ಟಿಕ್ ಪೈಪುಗಳ ಮೋಟಾರು ತೆಪ್ಪಗಳು ತುಂಬಿ ನದಿಯೇ ಗದ್ದಲದ ಸಂತೆಯಾದಾಗ ಅವುಗಳ ಸಂಖ್ಯೆಗೆ ಕಡಿವಾಣ ಹಾಕಬೇಕಾಯಿತು. ಚಳಿಗಾಲದಲ್ಲಿ ನೀರು ಇಳಿದರೆ ದೋಣಿ ನಿಲ್ಲುತ್ತದೆ. ಅದಕ್ಕಾಗಿ ಮೇಲ್ಭಾಗದ ಜಲಾಶಯಗಳಿಂದ ನದಿಗೆ ನೀರು ಬಿಡುವ ವ್ಯವಸ್ಥೆಯನ್ನು ಮಾಡಿಕೊಳ್ಳಲಾಗಿದೆ. ಅಂದರೆ ಅಲ್ಲಿನ ಆಡಳಿತವು ನದಿಯಲ್ಲಿ ನೀರಿರುವುದನ್ನು ವ್ಯಾಪಾರದ ಮೂಲ ಬಂಡವಾಳವೆಂದು ಪರಿಗಣಿಸಿದೆ.

ಇಲ್ಲಿ ಆಗುತ್ತಿರುವುದು ಇದಕ್ಕೆ ತೀರಾ ವಿರುದ್ಧ. ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳ ಎಂಬ ನಾಲ್ಕು ತೊರೆಗಳಿಂದ ಮಳೆಗಾಲದಲ್ಲಿ 24 ಟಿ.ಎಂ.ಸಿ. ನೀರನ್ನು ಎತ್ತಿ ಪೂರ್ವದ ಬಯಲುಸೀಮೆಗೆ ಕೊಂಡೊಯ್ಯುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ಕೋಲಾರ, ಚಿಕ್ಕಬಳ್ಳಾಪುರದ ಜನರ ನೀರಿನ ಬವಣೆ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಈ ನಾಲ್ಕೂ ತೊರೆಗಳು ಗುಂಡ್ಯ ಹೊಳೆಯ ತಲೆಭಾಗವೆಂಬುದೂ, ವಿಸ್ಟಾಡೋಮ್ ಬೋಗಿಯ ಪ್ರಯಾಣಿಕ ದುಡ್ಡು ಕೊಟ್ಟು ನೋಡಲು ಬರುವುದು ಮಳೆಗಾಲದ ಇದೇ ನೀರನ್ನು ಎಂಬುದೂ ಅಷ್ಟೇ ನಿಜ. ಇದಕ್ಕೆ ಮೊದಲು ಇದೇ ಕಣಿವೆಯಲ್ಲಿ ಪ್ರಸ್ತಾಪವಾಗಿದ್ದ ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ಕೈಬಿಡಬೇಕೆಂದು ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿಯು 2011ರ ವರದಿಯಲ್ಲಿ ಶಿಫಾರಸು ಮಾಡಿತ್ತು. ಪರಿಸರಾಸಕ್ತರು ಅಂದು ಕೂಗೆಬ್ಬಿಸಿದರು. ಕಣಿವೆಯನ್ನೇ ಸರಕಾಗಿ ಮಾರಬಹುದಾಗಿದ್ದ ವರ್ತಕ ಸಮುದಾಯದ ದನಿ ಅಷ್ಟಾಗಿ ಕೇಳಿಬರಲಿಲ್ಲ.

ನೀರಿನಂತೆಯೇ ಇಳಿಜಾರಿನ ಮಾತು. ಕರಾವಳಿಯ ವ್ಯಾಪಾರಿಗಳ ಬೇಡಿಕೆಯ ಪಟ್ಟಿಯಲ್ಲಿ ಶಿರಾಡಿ ಘಾಟಿಯ ಅಗಲೀಕರಣಕ್ಕೆ ಸದಾ ಮೊದಲ ಸ್ಥಾನ. ಇದು ಸಹಜವೇ. 2015ರಲ್ಲಿಯೂ 2018ರಲ್ಲಿಯೂ ಕಾಂಕ್ರೀಟ್ ಕಾಮಗಾರಿಗಾಗಿ ಈ ದಾರಿ ತಿಂಗಳುಗಟ್ಟಲೆ ಮುಚ್ಚಿದಾಗ ಚಾರ್ಮಾಡಿ, ಸಂಪಾಜೆಗಳ ಮೂಲಕ ಸುತ್ತುಬಳಸಿ ಸರಕು ತರಿಸಿದ ಸಗಟು ವ್ಯಾಪಾರಿಗಳು ಬಾಡಿಗೆಯ ಬಿಸಿಯನ್ನು ಉಂಡಿದ್ದಾರೆ. ಸುರಂಗ ಮಾರ್ಗದ ಪ್ರಸ್ತಾವವೂ ವರ್ಷಗಳಿಂದ ಕಡತದಿಂದ ಕಡತಕ್ಕೆ ಓಡಾಡುತ್ತಿದೆ. ಆದರೆ 2018ರ ಆಗಸ್ಟ್‌ನಲ್ಲಿ ರೈಲುಮಾರ್ಗದುದ್ದಕ್ಕೂ ಗುಡ್ಡ ಜರಿದು ವಾರಗಟ್ಟಲೆ ರೈಲು ನಿಂತಿತು. ಅದೇ ತಿಂಗಳು ಜೋಡುಪಾಲದ ದುರಂತದಿಂದ ಸಂಪಾಜೆ ಘಾಟಿಯೂ ಮುಚ್ಚಿತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಹೋಯಿತು. ಅದೇ ಮಳೆಯಲ್ಲಿ ಹೆದ್ದಾರಿಯಲ್ಲಿ ದೊಡ್ಡತಪ್ಪಲೆಯ ಬಳಿ, ಚತುಷ್ಪಥಕ್ಕಾಗಿ ಗುಡ್ಡವನ್ನು ಕಡಿದಿದ್ದ ಜಾಗದಲ್ಲಿ, ಮಣ್ಣು ರಸ್ತೆಗೆ ಬಿದ್ದು ವಾಹನಗಳು ಸಿಲುಕಿದವು. ಮಳೆ ಹೆಚ್ಚಾಯಿತು ಎಂಬುದು ಅರ್ಧ ಉತ್ತರ ಮಾತ್ರ. ನೆಟ್ಟಗೆ ಗೋಡೆಯಂತೆ ಕತ್ತರಿಸಿ, ತಡೆಗೋಡೆಯನ್ನೂ ನೀರು ಹರಿದುಹೋಗುವ ದಾರಿಯನ್ನೂ ಸಕಾಲದಲ್ಲಿ ಮಾಡದೆ ಬಿಟ್ಟ ಇಳಿಜಾರು ಕುಸಿಯದೆ ಇನ್ನೇನಾದೀತು?

ಈ ಕಣಿವೆಯಲ್ಲಿ ಪ್ರವಾಸಿಯ ಹಿತವೂ ಸರಕು ಸಾಗಣೆಯ ಹಿತವೂ ಒಂದೇ ಇಳಿಜಾರಿನ ಮೇಲೆ ನಿಂತಿವೆ ಎಂಬುದನ್ನು ಗಮನಿಸಬೇಕು. ಮರ ನಿಂತಿರುವ ಗುಡ್ಡ ಕಣ್ಣಿಗೂ ತಂಪು, ಲಾರಿಗೂ ಕ್ಷೇಮ. ಆದುದರಿಂದ ವಾಣಿಜ್ಯ ಸಂಘಗಳು ಅಗಲೀಕರಣವನ್ನು ಬೇಡುವಾಗ ಎಷ್ಟು ಪಥ ಎಂಬುದರ ಜತೆಗೆ ಗುಡ್ಡವನ್ನು ಯಾವ ಕೋನದಲ್ಲಿ ಕತ್ತರಿಸಲಾಗುತ್ತದೆ, ಮೊದಲ ಮಳೆಗೆ ಮುನ್ನ ತಡೆಗೋಡೆ ಮುಗಿಯುತ್ತದೆಯೇ, ಕೆದಕಿದ ಮಣ್ಣನ್ನು ಹೊಳೆಗೆ ತಳ್ಳಲಾಗುತ್ತಿದೆಯೇ ಎಂಬ ಪ್ರಶ್ನೆಗಳನ್ನೂ ಲಿಖಿತವಾಗಿ ಕೇಳುವುದು ಒಳಿತು. ಎರಡು ವಾರ ಮುಚ್ಚುವ ಚತುಷ್ಪಥಕ್ಕಿಂತ ವರ್ಷಪೂರ್ತಿ ತೆರೆದಿರುವ ದ್ವಿಪಥವೇ ವ್ಯಾಪಾರಿಗೆ ಲಾಭಕರ.

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಮುಟ್ಟದೆ ಮುಂದೆ ಹೋಗುವಂತಿಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯು 2024ರ ಜುಲೈ 31ರಂದು ಆರನೇ ಬಾರಿ ಹೊರಬಿದ್ದಾಗ ಸುಳ್ಯ, ಕಡಬದ ಗ್ರಾಮಗಳಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವೂ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ನಿರ್ಧಾರ ಕೈಗೊಂಡಿತು. ಕರಡನ್ನು ಓದಿದರೆ ಅದು ನಿಷೇಧಿಸಲು ಹೊರಟಿರುವುದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಕೆಂಪು ವರ್ಗದ ಕೈಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ ಹಾಗೂ 20,000 ಚದರ ಮೀಟರಿಗೂ ಮಿಕ್ಕಿದ ಕಟ್ಟಡಗಳನ್ನು. ಎರಡು ಕೋಣೆಯ ಹೋಂಸ್ಟೇ, ಹಾಳೆ ತಟ್ಟೆಯ ಘಟಕ, ಹಪ್ಪಳದ ಉದ್ಯಮ ಇವು ಆ ಪಟ್ಟಿಯಲ್ಲಿಲ್ಲ. ಆದರೂ ಜನರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಒಂದು ಹಕ್ಕುಪತ್ರಕ್ಕಾಗಿ, ಒಂದು ಕಾಲುಸೇತುವೆಗಾಗಿ ಇಲಾಖೆಯಿಂದ ಇಲಾಖೆಗೆ ಅಲೆದ ಕೃಷಿಕನಿಗೆ ಕಾಗದದ ಮೇಲಿನ ಭರವಸೆ ಸಾಕಾಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಗೆ ಎರಡು ಜೀವಗಳು ಬಲಿಯಾದವು. ಕಾಡಿನ ಅಂಚಿನ ಬದುಕು ಪ್ರವಾಸಿಯ ಛಾಯಾಚಿತ್ರದಷ್ಟು ಚೆಂದವಾಗಿಲ್ಲ.

ಹಾಗಿದ್ದರೂ ಪ್ರವಾಸಿಯನ್ನು ಉಳಿಸಿಕೊಳ್ಳುವ ಯೋಚನೆ ಈ ಸೀಮೆಗೆ ಇಂದು ಅನಿವಾರ್ಯವಾಗುತ್ತಿರುವುದಕ್ಕೆ ಅಡಿಕೆಯ ಸ್ಥಿತಿಯೇ ಕಾರಣ. ಸಂಪಾಜೆ, ಅರಂತೋಡು ಮೊದಲಾದ ಕಡೆ ಹಳದಿ ಎಲೆ ರೋಗವು ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮೂರೂ ತಾಲೂಕುಗಳ ಪೇಟೆಗಳು ಅಡಿಕೆಯ ಧಾರಣೆಯ ಜತೆಗೇ ಏರುತ್ತವೆ, ಇಳಿಯುತ್ತವೆ. ಅಡಿಕೆ ಮಾರಿದ ವಾರ ಜವಳಿ ಅಂಗಡಿ ತುಂಬುತ್ತದೆ, ಉಳಿದ ವಾರ ನೊಣ ಹೊಡೆಯಬೇಕಾಗುತ್ತದೆ. ಹಾಳೆ ತಟ್ಟೆಯ ಉದ್ಯಮವು ರಫ್ತಿನ ಬಲದಿಂದ ಕೊಂಚ ಆಧಾರವಾಗಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅದರ ಸುರಕ್ಷತೆಯ ಬಗ್ಗೆ ಆಕ್ಷೇಪವೆತ್ತಿ ಆಮದಿಗೆ ತಡೆಯೊಡ್ಡಿದ್ದರಿಂದ ಅಲ್ಲಿಯೂ ಪೆಟ್ಟು ಬಿದ್ದಿದೆ.

ಇನ್ನೊಂದು ದೃಷ್ಟಾಂತವು ಭಾರತದ್ದೇ ಆಗಿದೆ. ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೋಗುವ ಘಾಟಿ ರೈಲಿಗೆ 2017ರಲ್ಲಿ ವಿಸ್ಟಾಡೋಮ್ ಬೋಗಿ ಬಂತು. ಆ ರೈಲಿನಲ್ಲಿ ಬಂದವರು ಅರಕುವಿನಲ್ಲಿ ಇಳಿಯುತ್ತಾರೆ; ಬುಡಕಟ್ಟು ಬೆಳೆಗಾರರ ಕಾಫಿಯನ್ನು ಕುಡಿಯುತ್ತಾರೆ, ಪೊಟ್ಟಣ ಕಟ್ಟಿಸಿಕೊಳ್ಳುತ್ತಾರೆ. ಅಲ್ಲಿ ಕಣಿವೆಯ ಹೆಸರೂ ಕಾಫಿಯ ಹೆಸರೂ ಒಂದೇ ಆಗಿ ಬೆಳೆದಿವೆ. ಇಲ್ಲಿಯೂ ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಇದೆ. ಅದೇ ವರ್ಷ ಸ್ಥಾಪನೆಯಾದ ಗೇರು ಸಂಶೋಧನಾ ಕೇಂದ್ರವಿದೆ. ಜೇನು, ಪುನರ್ಪುಳಿ, ಹಲಸಿನ ಹಪ್ಪಳ, ಕಾಳುಮೆಣಸು, ಗೇರುಬೀಜ ಮನೆಮನೆಯಲ್ಲಿವೆ. ಕೊಕ್ಕೋ ಬೆಳೆದ ತೋಟವನ್ನು ಬೆಳಿಗ್ಗೆ ನೋಡಿ, ಅದು ಚಾಕೊಲೇಟ್ ಆಗುವ ಬಗೆಯನ್ನು ಸಂಜೆ ತಿಳಿಯಬಹುದಾದ ಊರು ದೇಶದಲ್ಲಿ ಬಹಳ ಇರಲಾರವು. ಸುಳ್ಯದ ತೊಡಿಕಾನದಲ್ಲಿ ದೇವರ ಮೀನುಗಳಿವೆ, ದೇವರಗುಂಡಿಯ ಜಲಪಾತವಿದೆ. ರೈಲಿಳಿದವನನ್ನು ಒಂದು ರಾತ್ರಿ, ಒಂದೂವರೆ ದಿನ ಉಳಿಸಿಕೊಳ್ಳಲು ಇಷ್ಟು ಧಾರಾಳ.

ಆದರೆ ಉಳಿಸಿಕೊಳ್ಳುವುದಕ್ಕೆ ಮುನ್ನ ಎಷ್ಟು ಜನರೆಂಬುದನ್ನೂ ನಿಶ್ಚಯಿಸಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಚಾರಣಿಗರು ಕುಮಾರ ಪರ್ವತಕ್ಕೆ ಮುಗಿಬಿದ್ದು, ಕಾಡುದಾರಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿ ನಿಂತರು. ಅರಣ್ಯ ಇಲಾಖೆಯು ಚಾರಣವನ್ನೇ ನಿಲ್ಲಿಸಿ, ಆ ಬಳಿಕ ಆನ್‌ಲೈನ್ ನೋಂದಣಿಯನ್ನೂ ದಿನಕ್ಕೆ 300 ಮಂದಿಯ ಮಿತಿಯನ್ನೂ ತಂದಿತು. ಕೆಲವು ವಸತಿಗೃಹದವರು ಆಗ ಗೊಣಗಿದ್ದುಂಟು. ವಾಸ್ತವದಲ್ಲಿ ಈ ಮಿತಿಯೇ ಅವರಿಗೆ ಅನುಕೂಲ. ಮುಂಗಡ ಟಿಕೆಟು ಪಡೆದವನು ಮುಂಗಡ ಕೋಣೆಯನ್ನೂ ಕಾದಿರಿಸುತ್ತಾನೆ. ಗುಂಪಾಗಿ ನುಗ್ಗಿದವನು ಬಸ್ ನಿಲ್ದಾಣದಲ್ಲಿ ಮಲಗುತ್ತಾನೆ. ರೈಲು ಹಳಿಯ ಮೇಲೆ ನಡೆದು ಎಡಕುಮೇರಿ ನೋಡುವ ಹವ್ಯಾಸವನ್ನಂತೂ ರೈಲ್ವೆ ನಿಷೇಧಿಸಿದೆ. ಅದನ್ನು ಗುಟ್ಟಾಗಿ ಪ್ರೋತ್ಸಾಹಿಸುವವರು ಪ್ರಾಣದೊಡನೆ ಆಡುತ್ತಿದ್ದಾರೆ.

ಕಸದ ವಿಷಯದಲ್ಲಿ ಪುತ್ತೂರಿನ ವರ್ತಕರಿಗೆ ನೇರ ಸಂಬಂಧವಿದೆ. ಪುತ್ತೂರು ಪಟ್ಟಣಕ್ಕೆ ಕುಡಿಯುವ ನೀರು ಬರುವುದು ಉಪ್ಪಿನಂಗಡಿ ಬಳಿಯ ನೆಕ್ಕಿಲಾಡಿಯಲ್ಲಿ ಕುಮಾರಧಾರೆಗೆ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ. ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ಬಿಟ್ಟ ಬಟ್ಟೆ, ಸೋಪಿನ ಕಾಗದ, ಗುಂಡ್ಯದ ಹೋಟೆಲು ಸಾಲಿನ ಹಿಂದೆ ಹೊಳೆಗೆ ಸುರಿದ ಎಂಜಲು, ಎಲ್ಲವೂ ಇಳಿದು ಬರುವುದು ಅದೇ ದಿಕ್ಕಿಗೆ. ದೇಶದಾದ್ಯಂತ ಏಕಬಳಕೆಯ ಪ್ಲಾಸ್ಟಿಕ್ ನಿಷೇಧವು 2022ರ ಜುಲೈ 1ರಿಂದ ಜಾರಿಯಲ್ಲಿದೆ. ಘಾಟಿಯ ತಪ್ಪಲಿನ ಹೋಟೆಲುಗಳೂ ಸಮಾರಂಭ ನಡೆಸುವವರೂ ನಿಷೇಧವನ್ನು ಪಾಲಿಸಿ ಬಾಳೆಲೆ, ಸ್ಟೀಲು ತಟ್ಟೆಗಳಿಗೆ ಮರಳಿದರೆ ಸಾಕು, ಹೊಳೆಯ ಅರ್ಧ ರೋಗ ಗುಣವಾದೀತು. ಇದಕ್ಕೆ ಸರಕಾರದ ಅನುದಾನವೇನೂ ಬೇಕಿಲ್ಲ.

ಗಾಜಿನ ಸೇತುವೆ, ರೋಪ್‌ವೇ, ನೂರು ಕೋಣೆಗಳ ರೆಸಾರ್ಟ್ ಎಂಬ ಸಲಹೆಗಳು ಪ್ರವಾಸೋದ್ಯಮದ ಸಭೆಗಳಲ್ಲಿ ಆಗಾಗ ಕೇಳಿಬರುತ್ತವೆ. ದೂರದ ಬಂಡವಾಳಿಗ ಕಟ್ಟುವ ರೆಸಾರ್ಟಿಗೆ ತರಕಾರಿ ಬರುವುದೂ ದೂರದ ಮಾರುಕಟ್ಟೆಯಿಂದಲೇ. ಹತ್ತು ಮನೆಗಳು ತಲಾ ಎರಡು ಕೋಣೆ ಬಾಡಿಗೆಗೆ ಕೊಟ್ಟರೆ ಅಕ್ಕಿ, ತೆಂಗಿನೆಣ್ಣೆ, ಬಲ್ಬು, ಹಾಸಿಗೆ, ಪೈಂಟು, ನಲ್ಲಿ ಎಲ್ಲವನ್ನೂ ಕಡಬ, ಸುಳ್ಯದ ಅಂಗಡಿಗಳಿಂದಲೇ ಕೊಳ್ಳಲಾಗುತ್ತದೆ. ಸಣ್ಣ ವ್ಯಾಪಾರಿಗೆ ಎರಡನೆಯದೇ ಹಿತ.

ತಕ್ಷಣಕ್ಕೆ ಕೈಗೆಟಕುವ ಕೆಲಸವೊಂದಿದೆ. ರೈಲ್ವೆಯು 2022ರಿಂದ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಎಂಬ ಯೋಜನೆಯಡಿ ಸ್ಥಳೀಯ ಉತ್ಪಾದಕರಿಗೆ, ಸ್ವಸಹಾಯ ಸಂಘಗಳಿಗೆ ನಿಲ್ದಾಣದಲ್ಲಿ ಅಲ್ಪ ಶುಲ್ಕಕ್ಕೆ ಮಳಿಗೆ ಕೊಡುತ್ತಿದೆ. ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿಯೂ ಕಬಕ ಪುತ್ತೂರಿನಲ್ಲಿಯೂ ಮೂರು ತಾಲೂಕುಗಳ ಉತ್ಪಾದಕರು ಸರದಿಯಂತೆ ಮಳಿಗೆ ನಡೆಸಬಹುದು. ಅದರೊಡನೆ ಮಳೆಗಾಲದ ನಾಲ್ಕು ತಿಂಗಳು ವಾರಾಂತ್ಯದಲ್ಲಿ ಬೆಳಿಗ್ಗೆ ಬೆಂಗಳೂರು ಕಡೆಯಿಂದ ಬಂದು ನೆಟ್ಟಣದಲ್ಲಿಯೇ ಕೊನೆಗೊಳ್ಳುವ, ಮರುದಿನ ಮಧ್ಯಾಹ್ನ ಅಲ್ಲಿಂದಲೇ ಹಿಂದಿರುಗುವ ಒಂದು ಹಗಲು ರೈಲನ್ನು ವಾಣಿಜ್ಯ ಸಂಘಗಳು ಒಟ್ಟಾಗಿ ಕೇಳಬೇಕು. ನೆಟ್ಟಣದಿಂದ ಸುಬ್ರಹ್ಮಣ್ಯಕ್ಕೆ ಸುಮಾರು 12 ಕಿ.ಮೀ.; ಆ ದಾರಿಗೆ ನಿಗದಿತ ದರದ ಜೀಪು, ರಿಕ್ಷಾಗಳ ವ್ಯವಸ್ಥೆಯನ್ನು ಸ್ಥಳೀಯ ಚಾಲಕರ ಸಂಘಗಳೊಡನೆ ಮಾತನಾಡಿ ಗೊತ್ತುಪಡಿಸಬಹುದು. ಹೊಸ್ಮಠದ ಹಳೆಯ ಮುಳುಗು ಸೇತುವೆ ಇದ್ದ ಕಾಲದಲ್ಲಿ ಮಳೆಗಾಲದಲ್ಲಿ ಕಡಬಕ್ಕೆ ಯಾರನ್ನಾದರೂ ಕರೆಯಲು ಸಂಕೋಚಪಡಬೇಕಿತ್ತು. ಎತ್ತರದ ಹೊಸ ಸೇತುವೆಯಾದ ಮೇಲೆ ಆ ಸಂಕೋಚಕ್ಕೂ ಕಾರಣ ಉಳಿದಿಲ್ಲ. ರೈಲಿನ ವೇಳಾಪಟ್ಟಿ ಪರಿಷ್ಕರಣೆಗೆ ಮುನ್ನ ಮನವಿ ಮೈಸೂರು ವಿಭಾಗದ ಕಚೇರಿಗೆ ತಲುಪಬೇಕು, ಮತ್ತು ಅದರ ಮೇಲೆ ಪುತ್ತೂರು, ಸುಳ್ಯ, ಕಡಬ ಮೂರೂ ಪೇಟೆಗಳ ವರ್ತಕರ ಸಹಿ ಇರಬೇಕು.